ವಠಾರದ ಮೇಲ್ಮಹಡಿಯ ನರ್ಸಮ್ಮ

ಲೂಯಿಗೆ ಹನ್ನೆರಡು ವರ್ಷ ತುಂಬಿದ್ದರೂ ಅಕ್ಷರ ಬಂದಿರಲಿಲ್ಲ. ಶಾಲೆ ತಪ್ಪಿಸಿಕೊಳ್ಳುವ ಹುಡುಗನಲ್ಲ ಅವನು. ಹೋದಾಗಲೆಲ್ಲ ಟೀಚರ್ ಮನೆಗೆ ಹೋಗೆಂದು ಕಳಿಸಿಬಿಡುತ್ತಿದ್ದರು. ಕಾರಣ ತಲೆಯ ಮೇಲಿನ ಇಸುಬು. ಧರ್ಮಾಸ್ಪತ್ರೆಯಲ್ಲಿ ಮುಲಾಮು ಸಿಗುತ್ತಿತ್ತು, ಅದನ್ನು ತಿಳಿದು, ಬಿಡದೆ ಹಚ್ಚುವವರು ಬೇಕಿತ್ತು. 1893ರಲ್ಲಿ ನ್ಯೂಯಾರ್ಕಿನ ಆ ಕೇರಿಗೆ ಹೊಸದಾಗಿ ಬಂದಿದ್ದ ನರ್ಸ್ ಒಬ್ಬರು ಅಷ್ಟು ಮಾತ್ರ ಮಾಡಿದರು. ಸೆಪ್ಟೆಂಬರ್ ಹೊತ್ತಿಗೆ ಗಾಯ ಒಣಗಿತು, ಹುಡುಗ ಜೀವನದಲ್ಲಿ ಮೊದಲ ಸಲ ಶಾಲೆಗೆ ಸೇರಿದ. ಮರುದಿನ ಮಧ್ಯಾಹ್ನದ ಬಿಡುವಿನಲ್ಲಿ ವಠಾರದ ಮೆಟ್ಟಿಲುಗಳನ್ನು ದಡದಡನೆ ಹತ್ತಿ, ನರ್ಸ್ ವಾಸವಿದ್ದ ಮೇಲ್ಮಹಡಿಗೆ ಬಂದು, ಬೆಳಿಗ್ಗೆ ಕಲಿತ ಪುಟ್ಟ ಪುಟ್ಟ ಪದಗಳ ಕಾಗುಣಿತ ಒಪ್ಪಿಸಿದ.

ಆ ನರ್ಸ್ ಲಿಲಿಯನ್ ವಾಲ್ಡ್. ವಯಸ್ಸು 26. ನರ್ಸಿಂಗ್ ಶಾಲೆಯ ಪದವಿ ಕೈಗೆ ಬಂದು ಎರಡೇ ವರ್ಷವಾಗಿತ್ತು. ಮುಂದಿನ ನಾಲ್ಕು ದಶಕಗಳಲ್ಲಿ ಅವರು ಕಟ್ಟಿದ ಸಂಸ್ಥೆಗಳು, ಬದಲಿಸಿದ ಕಾನೂನುಗಳು, ತರಬೇತಿ ಕೊಟ್ಟ ನರ್ಸುಗಳು ಅನೇಕ. ಆದರೆ ಲೂಯಿಯ ಪ್ರಸಂಗದಲ್ಲಿ ಅವರ ಇಡೀ ವೃತ್ತಿಜೀವನದ ಬೀಜವಿದೆ. ತಲೆಗೆ ಮುಲಾಮು ಹಚ್ಚುವುದು ವೈದ್ಯಕೀಯ, ಶಾಲೆಗೆ ಸೇರಿಸುವುದು ಶಿಕ್ಷಣ ಎಂದು ಬೇರೆ ಮಾಡಲು ವಾಲ್ಡ್ ಎಂದೂ ಒಪ್ಪಲಿಲ್ಲ. ಅವರ ಲೆಕ್ಕದಲ್ಲಿ ಮಗು ತರಗತಿಯಲ್ಲಿ ಹೋಗಿ ಕೂರುವವರೆಗೂ ಆರೈಕೆ ಮುಗಿದಿಲ್ಲ.

ವಾಲ್ಡ್ ಬಡತನದಿಂದ ಬಂದವರಲ್ಲ. 1867ರ ಮಾರ್ಚ್ 10ರಂದು ಒಹಾಯೋದ ಸಿನ್ಸಿನಾಟಿಯಲ್ಲಿ ಹುಟ್ಟಿ, ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್‌ನಲ್ಲಿ ಬೆಳೆದರು. ಜರ್ಮನ್ ಮೂಲದ ಯಹೂದಿ ಕುಟುಂಬ. ಅಪ್ಪನಿಗೆ ಕನ್ನಡಕ ಮತ್ತಿತರ ದೃಷ್ಟಿ ಸಾಧನಗಳ ವ್ಯಾಪಾರ. ಹದಿನಾರರಲ್ಲಿ ವಾಸರ್ ಕಾಲೇಜಿಗೆ ಅರ್ಜಿ ಹಾಕಿದಾಗ ವಯಸ್ಸು ಸಾಲದೆಂದು ವಾಪಸಾಯಿತು. ಆ ವರ್ಗದ ಹುಡುಗಿಯರಿಗೆ ಆಗ ಇದ್ದ ದಾರಿ ಪಾರ್ಟಿ, ಪ್ರವಾಸ, ಮದುವೆ. ಅಕ್ಕನ ಕಾಯಿಲೆಯ ಸಮಯದಲ್ಲಿ ಮನೆಗೆ ಬಂದ ತರಬೇತಾದ ನರ್ಸ್ ಒಬ್ಬಾಕೆಯ ಕೆಲಸ ನೋಡಿ ಅವರ ಮನಸ್ಸು ಬೇರೆ ಕಡೆ ತಿರುಗಿತು. 1889ರಲ್ಲಿ ನ್ಯೂಯಾರ್ಕ್ ಹಾಸ್ಪಿಟಲ್‌ನ ನರ್ಸಿಂಗ್ ಶಾಲೆಗೆ ಸೇರಿದರು, 1891ರಲ್ಲಿ ಪದವಿ ಪಡೆದರು.

ಆ ಕಾಲದ ನರ್ಸಿಂಗ್ ಶಾಲೆ ಎಂದರೆ ಅರ್ಧ ತರಗತಿ, ಅರ್ಧ ದುಡಿತ. ವಿದ್ಯಾರ್ಥಿನಿಯರೇ ವಾರ್ಡುಗಳನ್ನು ನಡೆಸಬೇಕು. ಪದವಿಯ ನಂತರ ಬಹುಪಾಲು ಹುಡುಗಿಯರು ಶ್ರೀಮಂತರ ಮನೆಗಳಲ್ಲಿ ಖಾಸಗಿ ನರ್ಸುಗಳಾಗುತ್ತಿದ್ದರು. ವಾಲ್ಡ್ ಆ ಕಡೆ ಹೋಗದೆ ಅನಾಥ ಮತ್ತು ದಿಕ್ಕಿಲ್ಲದ ಮಕ್ಕಳ ನಿಲಯವೊಂದರಲ್ಲಿ ಕೆಲಸಕ್ಕೆ ಸೇರಿದರು. ಅಲ್ಲಿ ಮಕ್ಕಳನ್ನು ನಡೆಸಿಕೊಳ್ಳುವ ರೀತಿ ಸಹಿಸಲಾಗದೆ ವರ್ಷದಲ್ಲೇ ಬಿಟ್ಟು, ವೈದ್ಯೆಯಾಗಲೆಂದು ಮಹಿಳಾ ವೈದ್ಯಕೀಯ ಕಾಲೇಜಿಗೆ ಸೇರಿಕೊಂಡರು.

ಓದುತ್ತಿದ್ದಾಗಲೇ ಲೋಯರ್ ಈಸ್ಟ್ ಸೈಡ್‌ನಲ್ಲಿ ವಲಸಿಗ ಹೆಂಗಸರಿಗೆ ಮನೆ ಆರೈಕೆಯ ಪಾಠ ಹೇಳುವ ಕೆಲಸ ಬಂತು. ರಷ್ಯಾ ಮತ್ತು ಪೂರ್ವ ಯುರೋಪಿನಿಂದ ಓಡಿಬಂದ ಯಹೂದಿಗಳು, ಇಟಲಿಯವರು, ಐರಿಷರು ಒತ್ತೊತ್ತಾಗಿ ಬದುಕುತ್ತಿದ್ದ ಪ್ರದೇಶ ಅದು. ಐದಾರು ಅಂತಸ್ತಿನ ವಠಾರಗಳು, ಗಾಳಿಯಾಡದ ಒಳಕೋಣೆಗಳು, ಹಿತ್ತಲಲ್ಲಿ ಹಲವು ಮನೆಗೊಂದು ಪಾಯಿಖಾನೆ. 1893ರ ಮಾರ್ಚ್‌ನಲ್ಲಿ ಒಂದು ದಿನ ಹಾಸಿಗೆ ಸರಿಪಡಿಸುವುದು ಹೇಗೆಂದು ತೋರಿಸುತ್ತಿದ್ದಾಗ ಪುಟ್ಟ ಹುಡುಗಿಯೊಬ್ಬಳು ಬಂದು ಅಮ್ಮನಿಗೆ ಹುಷಾರಿಲ್ಲ, ಬನ್ನಿ ಎಂದು ಕರೆದಳು. ಕಿತ್ತುಹೋದ ರಸ್ತೆ, ಕಸದ ಗುಡ್ಡೆಗಳ ನಡುವೆ ನಡೆದು ಲಡ್ಲೋ ಬೀದಿಯ ಮನೆಯೊಂದಕ್ಕೆ ಹೋದರೆ, ಎರಡು ಕೋಣೆಗಳಲ್ಲಿ ಏಳು ಜನರ ಸಂಸಾರ, ಜೊತೆಗೆ ಬಾಡಿಗೆಗೆ ಮಲಗಲು ಬರುವವರು. ಎರಡು ದಿನದ ಹಿಂದೆ ರಕ್ತಸ್ರಾವವಾದ ಬಾಣಂತಿ ಅದೇ ಕೊಳೆಯಾದ ಹಾಸಿಗೆಯಲ್ಲೇ ಬಿದ್ದಿದ್ದಳು. ವಾಲ್ಡ್ ಆಕೆಯ ಮೈ ಒರೆಸಿದರು, ಹಾಸಿಗೆ ಬದಲಿಸಿದರು, ಕೋಣೆ ಚೊಕ್ಕಟ ಮಾಡಿದರು. ಹೊರಡುವಾಗ ಮನೆಯವರು ಕೈಗೆ ಮುತ್ತಿಟ್ಟರು. ಮಾರನೆಯ ದಿನದಿಂದ ಅವರಿಗೆ ವೈದ್ಯಕೀಯ ಕಾಲೇಜು ಬೇಡವಾಯಿತು.

ಇಲ್ಲಿ ಒಂದು ಮಾತು ಹೇಳಲೇಬೇಕು. ವೈದ್ಯಕೀಯ ಓದನ್ನು ಬಿಟ್ಟು ನರ್ಸ್ ಆಗಿಯೇ ಉಳಿಯುವುದನ್ನು ಮೇಲಿನಿಂದ ಕೆಳಗಿಳಿಯುವುದೆಂದು ಇಂದಿಗೂ ಅನೇಕರು ನೋಡುತ್ತಾರೆ. ವಾಲ್ಡ್‌ಗೆ ಅದು ಹಾಗೆ ಕಾಣಲಿಲ್ಲ. ಕಾಯಿಲೆ ಯಾವುದೆಂದು ಹೇಳಿ ಹೋಗುವವರು ಆ ಬೀದಿಗಳಲ್ಲೂ ಇದ್ದರು. ಹೇಳಿದ್ದು ನಡೆಯುವಂತೆ ನೋಡಿಕೊಳ್ಳುವವರು ಇರಲಿಲ್ಲ.

ಜೊತೆ ಓದಿದ ಮೇರಿ ಬ್ರೂಸ್ಟರ್ ಅವರನ್ನು ಕರೆದುಕೊಂಡು ವಾಲ್ಡ್ ಆ ಕೇರಿಯಲ್ಲೇ ಮನೆ ಮಾಡಿದರು. ಮೊದಲು ರಿವಿಂಗ್ಟನ್ ಬೀದಿ, ಆಮೇಲೆ ಜೆಫರ್ಸನ್ ಬೀದಿಯ ವಠಾರದ ಮೇಲ್ಮಹಡಿ. ಬೆಳಿಗ್ಗೆ ಎದ್ದರೆ ಬಾಗಿಲಲ್ಲಿ ಯಾರಾದರೂ ಕಾಯುತ್ತಿರುತ್ತಿದ್ದರು. ಡಾಕ್ಟರ ಚೀಟಿ ಬೇಕಿಲ್ಲ, ಯಾವ ಧರ್ಮದವರೆಂದು ಕೇಳುವುದಿಲ್ಲ, ನೆರೆಯವರು ಕರೆದರೆ ಸಾಕು, ಹೋಗುವುದು. ಆರೋಗ್ಯ ಮಂಡಳಿಯಿಂದ ಒಂದು ಬಿಲ್ಲೆಯನ್ನೂ ಪಡೆದುಕೊಂಡರು. ಮಂಡಳಿಯ ಆಶ್ರಯದಲ್ಲಿ ಮನೆಗಳಿಗೆ ಭೇಟಿ ಕೊಡುವ ನರ್ಸ್ ಎಂದು ಅದರ ಮೇಲೆ ಬರೆದಿತ್ತು. ಕೊಡಬಲ್ಲವರು ಭೇಟಿಗೆ 10ರಿಂದ 25 ಸೆಂಟ್ ಕೊಡಬೇಕು, ಕೊಡಲಾಗದವರು ಕೊಡಬೇಕಿಲ್ಲ. ಈ ಚಿಲ್ಲರೆಯಿಂದ ಖರ್ಚು ಹುಟ್ಟುತ್ತಿರಲಿಲ್ಲ. ಆದರೆ ದುಡ್ಡು ಕೊಟ್ಟವನು ಭಿಕ್ಷೆ ಪಡೆದವನಾಗುವುದಿಲ್ಲ. ರೋಗಿಯ ಮಾನವನ್ನು ಕಾಪಾಡುವ ಆ ಎಚ್ಚರ ದೊಡ್ಡದು.

ಖರ್ಚಿನ ಹೊರೆ ಹೊತ್ತವರಲ್ಲಿ ಮುಖ್ಯರು ಬ್ಯಾಂಕರ್ ಜೇಕಬ್ ಶಿಫ್. 1895ರಲ್ಲಿ ಅವರು ಹೆನ್ರಿ ಬೀದಿಯ 265ನೇ ನಂಬರಿನ ಮನೆಯನ್ನು ಕೊಂಡು ವಾಲ್ಡ್‌ಗೆ ಒಪ್ಪಿಸಿದರು. ಅದೇ ಮುಂದೆ ಹೆನ್ರಿ ಸ್ಟ್ರೀಟ್ ಸೆಟಲ್‌ಮೆಂಟ್ ಎಂದು ಹೆಸರಾಯಿತು. ವಿದ್ಯಾವಂತರು ಬಡವರ ಕೇರಿಯಲ್ಲೇ ನೆಲೆಸಿ, ನೆರೆಯವರಾಗಿ ಅವರ ಜೊತೆ ಕೆಲಸ ಮಾಡುವ ಇಂಥ ಮನೆಗಳು ಆಗ ಅಮೆರಿಕದ ಬೇರೆ ನಗರಗಳಲ್ಲೂ ಇದ್ದವು. ಹೆನ್ರಿ ಬೀದಿಯದರ ವಿಶೇಷವೆಂದರೆ ಅದರ ಬೆನ್ನೆಲುಬು ನರ್ಸುಗಳಾಗಿದ್ದದ್ದು. ಇಬ್ಬರಿಂದ ಶುರುವಾದ ದಳ 1906ಕ್ಕೆ 27 ಆಯಿತು, 1913ಕ್ಕೆ 92. ಆಗ ವರ್ಷಕ್ಕೆ 2 ಲಕ್ಷ ಮನೆಭೇಟಿ. ಒಂದು ವಠಾರದ ಐದು ಅಂತಸ್ತು ಇಳಿದು ಪಕ್ಕದ ವಠಾರದ ಐದು ಅಂತಸ್ತು ಹತ್ತುವ ಬದಲು ಚೀಲ ಹಿಡಿದ ನರ್ಸುಗಳು ತಾರಸಿಯಿಂದ ತಾರಸಿಗೆ ದಾಟುತ್ತಿದ್ದರು. ಹಾಗೆ ಗೋಡೆ ದಾಟುತ್ತಿರುವ ನರ್ಸ್ ಒಬ್ಬಳ ಚಿತ್ರವನ್ನು ಜೆಸ್ಸಿ ಟಾರ್‌ಬಾಕ್ಸ್ ಬೀಲ್ಸ್ 1908ರಲ್ಲಿ ತೆಗೆದರು. ಸಾರ್ವಜನಿಕ ಆರೋಗ್ಯದ ಪುಸ್ತಕಗಳಲ್ಲಿ ಇಂದಿಗೂ ಅದು ಅಚ್ಚಾಗುತ್ತದೆ. ನಮ್ಮ ಆಶಾ ಕಾರ್ಯಕರ್ತೆಯರು ಜ್ವರದ ಸಮೀಕ್ಷೆಗೆ ಗಲ್ಲಿ ಗಲ್ಲಿ ಸುತ್ತುವುದನ್ನು ಕಂಡವರಿಗೆ ಆ ಹೆಜ್ಜೆ ಅಪರಿಚಿತವಲ್ಲ.

ವಾಲ್ಡ್ ಮಾಡಿದ್ದೆಲ್ಲದರಲ್ಲಿ ಒಂದನ್ನೇ ಆರಿಸು ಎಂದರೆ ಈ ಲೇಖಕನ ಆಯ್ಕೆ ಶಾಲಾ ನರ್ಸ್. ಅದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು.

ನ್ಯೂಯಾರ್ಕಿನ ಶಾಲೆಗಳಲ್ಲಿ 1897ರಿಂದಲೇ ವೈದ್ಯರ ತಪಾಸಣೆ ಇತ್ತು. ಡಾಕ್ಟರ್ ಬರುತ್ತಿದ್ದರು, ಸಾಲಾಗಿ ನಿಂತ ಮಕ್ಕಳ ಕಣ್ಣು, ಗಂಟಲು, ತಲೆ ನೋಡುತ್ತಿದ್ದರು, ಸೋಂಕು ಕಂಡವರನ್ನು ಮನೆಗೆ ಕಳಿಸುತ್ತಿದ್ದರು. ಟ್ರಕೋಮ ಎಂಬ ಕಣ್ಣಿನ ಸೋಂಕು, ಕಜ್ಜಿ, ಹುಳುಕಡ್ಡಿ, ಕೀವುಗುಳ್ಳೆ, ಎಲ್ಲಕ್ಕಿಂತ ಹೆಚ್ಚಾಗಿ ಹೇನು. ತಪಾಸಣೆ ಬಿಗಿಯಾದಷ್ಟೂ ತರಗತಿಗಳು ಬರಿದಾದವು. ಮನೆಗೆ ಹೋದ ಮಗುವಿಗೆ ಆಗಿದ್ದೇನು? ಕೈಯಲ್ಲಿ ಚೀಟಿ, ಚೀಟಿಯಲ್ಲಿ ಕಾಯಿಲೆಯ ಹೆಸರು. ತಾಯಿಗೆ ಇಂಗ್ಲಿಷ್ ಬಾರದು, ಬಂದರೂ ಆ ಹೆಸರು ತಿಳಿಯದು. ಚಿಕಿತ್ಸೆ ಇಲ್ಲ. ಸಂಜೆ ಶಾಲೆ ಬಿಟ್ಟ ಮೇಲೆ ಅದೇ ಮಗು ಅದೇ ಸಹಪಾಠಿಗಳ ಜೊತೆ ಬೀದಿಯಲ್ಲಿ ಆಡುತ್ತಿತ್ತು. ಸೋಂಕು ಹರಡುವುದು ನಿಲ್ಲಲಿಲ್ಲ, ಪಾಠ ಮಾತ್ರ ನಿಂತಿತು.

ವಾಲ್ಡ್ ವರ್ಷಗಳಿಂದ ಇಂಥ ಮಕ್ಕಳ ಲೆಕ್ಕ ಇಟ್ಟಿದ್ದರು. ಲಂಡನ್ನಿನಲ್ಲಿ ದಾನದ ಹಣದಿಂದ ಶಾಲೆಗಳಿಗೆ ನರ್ಸುಗಳನ್ನು ಕಳಿಸುವ ಯತ್ನ ಆಗಲೇ ನಡೆದಿತ್ತು. ವಾಲ್ಡ್‌ಗೆ ದಾನ ಸಾಲದು, ನಗರವೇ ಹೊಣೆ ಹೊರಬೇಕು. 1902ರಲ್ಲಿ ನಗರದ ಆರೋಗ್ಯ ಆಯುಕ್ತ ಅರ್ನ್ಸ್ಟ್ ಲೆಡರ್ಲೆ ಅವರ ಮುಂದೆ ಒಂದು ಪ್ರಸ್ತಾಪ ಇಟ್ಟರು: ನಮ್ಮ ನರ್ಸ್ ಒಬ್ಬರನ್ನು ಒಂದು ತಿಂಗಳು ಕೊಡುತ್ತೇವೆ, ಫಲ ಕಂಡರೆ ಸಾರ್ವಜನಿಕ ಹಣದಲ್ಲಿ ಮುಂದುವರಿಸಲು ನೀವು ಪ್ರಯತ್ನಿಸಬೇಕು. ಒಪ್ಪಿಗೆ ಸಿಕ್ಕಿತು. ಅಕ್ಟೋಬರ್ 1ರಂದು ಲೀನಾ ರಾಜರ್ಸ್ ನಾಲ್ಕು ಶಾಲೆಗಳ ಕೆಲಸ ಶುರು ಮಾಡಿದರು. ಅವುಗಳಲ್ಲಿ ಸುಮಾರು 10,000 ಮಕ್ಕಳು. ರಾಜರ್ಸ್ ಕೆನಡಾದವರು, ಟೊರಾಂಟೋದ ಮಕ್ಕಳ ಆಸ್ಪತ್ರೆಯಲ್ಲಿ ತರಬೇತಾದವರು.

ಅವರು ಮಾಡಿದ್ದರಲ್ಲಿ ಜಾದೂ ಏನಿಲ್ಲ. ಶಾಲೆಯಲ್ಲೇ ಒಂದು ಮೂಲೆ ಹಿಡಿದು, ಗಾಯ ತೊಳೆದು ಮದ್ದು ಹಚ್ಚಿ ಪಟ್ಟಿ ಕಟ್ಟಿ, ಮಗುವನ್ನು ಮನೆಗಲ್ಲ, ತರಗತಿಗೆ ವಾಪಸ್ ಕಳಿಸಿದರು. ಸಣ್ಣಪುಟ್ಟ ಸೋಂಕುಗಳಿಗೆ ಮಗುವನ್ನು ಹೊರಹಾಕಬೇಕಾದ ಅಗತ್ಯವೇ ಉಳಿಯಲಿಲ್ಲ. ಹೊರಗಿಡಲೇಬೇಕಾದ ಮಕ್ಕಳ ಮನೆಗೆ ಶಾಲೆಯ ನಂತರ ತಾವೇ ಹೋದರು. ತಾಯಿಯ ಎದುರು ಹೇನು ತೆಗೆದು, ತಲೆ ತೊಳೆದು ತೋರಿಸಿದರು. ಚೀಟಿಯಲ್ಲಿದ್ದ ಮಾತು ಕೈಯ ಕೆಲಸವಾಗಿ ಮನೆಯೊಳಗೆ ಬಂತು. ಮೊದಲ ತಿಂಗಳಲ್ಲೇ 893 ಚಿಕಿತ್ಸೆ, 137 ಮನೆಭೇಟಿ. ಅದುವರೆಗೆ ಯಾವ ಔಷಧೋಪಚಾರವನ್ನೂ ಕಾಣದ 25 ಮಕ್ಕಳು ಶಾಲೆಗೆ ಮರಳಿದರು.

ತಿಂಗಳು ಮುಗಿಯುವಷ್ಟರಲ್ಲಿ ಫಲದ ಬಗ್ಗೆ ವಾದ ಉಳಿಯಲಿಲ್ಲ. ನಗರ ಹಣ ಮಂಜೂರು ಮಾಡಿತು, ಇನ್ನಷ್ಟು ನರ್ಸುಗಳು ನೇಮಕವಾದರು. 1902ರ ಸೆಪ್ಟೆಂಬರ್‌ನಲ್ಲಿ 10,567 ಮಕ್ಕಳನ್ನು ಶಾಲೆಯಿಂದ ಹೊರಗಿಡಲಾಗಿತ್ತು. ಒಂದು ವರ್ಷದ ನಂತರ, 1903ರ ಸೆಪ್ಟೆಂಬರ್‌ನಲ್ಲಿ ಆ ಸಂಖ್ಯೆ 1,101. ಹೊಸ ಔಷಧವೇನೂ ಬಂದಿರಲಿಲ್ಲ. ಮುಲಾಮು ಹಳೆಯದೇ, ಅದನ್ನು ಹಚ್ಚುವ ಕೈ ಬಂದಿತ್ತು, ಅಷ್ಟೇ.

ಶಾಲೆಯ ಒಳಗಿನ ಇನ್ನೊಂದು ಸಂಗತಿಯೂ ವಾಲ್ಡ್ ಕಣ್ಣಿಗೆ ಬಿದ್ದಿತ್ತು. ಬುದ್ಧಿಯ ಬೆಳವಣಿಗೆ ನಿಧಾನವಾದ ಮಕ್ಕಳು, ಅಂಗವಿಕಲ ಮಕ್ಕಳು ತರಗತಿಯ ಹಿಂದಿನ ಬೆಂಚಿನಲ್ಲಿ ವರ್ಷಗಟ್ಟಲೆ ಕೂತು, ಕೊನೆಗೆ ಬಿಟ್ಟುಹೋಗುತ್ತಿದ್ದರು. ಹೆನ್ರಿ ಬೀದಿಯ ಸರಕಾರಿ ಶಾಲೆಯ ಎಲಿಜಬೆತ್ ಫ್ಯಾರೆಲ್ ಎಂಬ ಯುವ ಶಿಕ್ಷಕಿ ಅಂಥ ಹುಡುಗರನ್ನು ಒಂದೆಡೆ ಸೇರಿಸಿ, ತರಗತಿಯ ಮಟ್ಟ ನೋಡದೆ ಒಬ್ಬೊಬ್ಬರ ಶಕ್ತಿಗೆ ತಕ್ಕಂತೆ ಕಲಿಸತೊಡಗಿದರು. ವಾಲ್ಡ್ ಅವರಿಗೆ ಬೇಕಾದ ಸಾಮಗ್ರಿ ಒದಗಿಸಿದರು, ಶಿಕ್ಷಣ ಮಂಡಳಿಯ ಮುಂದೆ ಅವರ ಪರ ಮಾತಾಡಿದರು. 1906ರಲ್ಲಿ ನಗರ ಇಂಥ ತರಗತಿಗಳಿಗಾಗಿ ಪ್ರತ್ಯೇಕ ವಿಭಾಗವನ್ನೇ ಮಾಡಿ ಫ್ಯಾರೆಲ್ ಕೈಗೆ ಕೊಟ್ಟಿತು. 1922ರಲ್ಲಿ ವಿಶೇಷ ಅಗತ್ಯದ ಮಕ್ಕಳ ಶಿಕ್ಷಕರ ಅಂತರರಾಷ್ಟ್ರೀಯ ಸಂಘ ಹುಟ್ಟಿದಾಗ ಅದರ ಮೊದಲ ಅಧ್ಯಕ್ಷೆಯೂ ಅವರೇ.

ಮಕ್ಕಳಿಗೆ ಆಡಲು ಜಾಗವಿಲ್ಲ ಎಂದಾಗ ಸೆಟಲ್‌ಮೆಂಟಿನ ಹಿತ್ತಲನ್ನೇ ಆಟದ ಬಯಲು ಮಾಡಿದರು. ನಗರದ ಆಟದ ಬಯಲಿಗಾಗಿ ನಡೆದ ಚಳವಳಿಯಲ್ಲಿ ಮುಂದೆ ನಿಂತರು. 1903ರಲ್ಲಿ ಅಲ್ಲೇ ಹತ್ತಿರ ಸೀವರ್ಡ್ ಪಾರ್ಕ್ ತೆರೆಯಿತು, ಅಮೆರಿಕದಲ್ಲಿ ಪೌರಾಡಳಿತವೇ ಕಟ್ಟಿದ ಮೊದಲ ಶಾಶ್ವತ ಆಟದ ಬಯಲು ಅದು. ಕಿಕ್ಕಿರಿದ ಮನೆಯಲ್ಲಿ ಓದಲು ಕೂರಲಾಗದ ಮಕ್ಕಳಿಗೆ ಓದುಕೋಣೆ, ಹದಿನಾಲ್ಕಕ್ಕೇ ಕಾರ್ಖಾನೆಗೆ ಹೋಗಬೇಕಾಗಿದ್ದವರಿಗೆ ಇನ್ನೆರಡು ವರ್ಷ ಓದಲು ವಿದ್ಯಾರ್ಥಿವೇತನ. ಈ ಪಟ್ಟಿ ಉದ್ದವಿದೆ, ಇಲ್ಲಿಗೆ ನಿಲ್ಲಿಸಬಹುದು.

ಕೇರಿಯ ಈ ಕೆಲಸಕ್ಕೆ ಆಸ್ಪತ್ರೆಯ ತರಬೇತಿ ಸಾಲದು ಎಂಬುದು ವಾಲ್ಡ್‌ಗೆ ಬೇಗ ತಿಳಿಯಿತು. ವಾರ್ಡಿನಲ್ಲಿ ಬಿಸಿನೀರು, ಶುಭ್ರ ಬಟ್ಟೆ, ಕರೆದರೆ ಬರುವ ಡಾಕ್ಟರ್ ಇರುತ್ತಾರೆ. ವಠಾರದಲ್ಲಿ ಯಾವುದೂ ಇಲ್ಲ. ಬಾಡಿಗೆ, ಕೂಲಿ, ಹಾಲಿನ ಗುಣ, ಮನೆಮಾಲೀಕನ ಹಟ, ಎಲ್ಲವೂ ಕಾಯಿಲೆಯ ಭಾಗವೇ. ಅಂಥ ನರ್ಸಿಗೆ ಸಾರ್ವಜನಿಕ ಆರೋಗ್ಯ ನರ್ಸ್ ಎಂಬ ಹೆಸರನ್ನು ಚಲಾವಣೆಗೆ ತಂದವರು ವಾಲ್ಡ್ ಎಂದೇ ವೃತ್ತಿಯವರು ಹೇಳುತ್ತಾರೆ. ಕೊಲಂಬಿಯಾ ವಿಶ್ವವಿದ್ಯಾಲಯದ ಟೀಚರ್ಸ್ ಕಾಲೇಜಿನಲ್ಲಿ ಆಗ ನರ್ಸಿಂಗ್ ಶಿಕ್ಷಣದ ಹೊಣೆ ಹೊತ್ತಿದ್ದವರು ಮೇರಿ ಅಡಿಲೇಡ್ ನಟಿಂಗ್, ಜಗತ್ತಿನ ಮೊದಲ ನರ್ಸಿಂಗ್ ಪ್ರಾಧ್ಯಾಪಕಿ. ವಾಲ್ಡ್ ಅವರ ಒತ್ತಾಸೆಯಿಂದ ಹೆಲೆನ್ ಹಾರ್ಟ್ಲಿ ಜೆಂಕಿನ್ಸ್ ಎಂಬ ದಾನಿ ದೊಡ್ಡ ನಿಧಿ ಕೊಟ್ಟರು, 1910ರಲ್ಲಿ ಅಲ್ಲಿ ನರ್ಸಿಂಗ್ ಮತ್ತು ಆರೋಗ್ಯ ವಿಭಾಗ ಬೆಳೆಯಿತು. ವಿದ್ಯಾರ್ಥಿನಿಯರಿಗೆ ಕ್ಷೇತ್ರಾನುಭವ ಸಿಗುತ್ತಿದ್ದದ್ದು ಹೆನ್ರಿ ಬೀದಿಯಲ್ಲಿ. 1912ರಲ್ಲಿ ಸಾರ್ವಜನಿಕ ಆರೋಗ್ಯ ನರ್ಸಿಂಗ್‌ನ ರಾಷ್ಟ್ರೀಯ ಸಂಘ ರಚನೆಯಾದಾಗ ವಾಲ್ಡ್ ಅದರ ಮೊದಲ ಅಧ್ಯಕ್ಷೆಯಾದರು.

ಮಕ್ಕಳಿಗಾಗಿ ಫೆಡರಲ್ ಸರಕಾರದಲ್ಲೇ ಒಂದು ಇಲಾಖೆ ಬೇಕು ಎಂಬ ಯೋಚನೆ ಹುಟ್ಟಿದ್ದು ಬೆಳಗಿನ ತಿಂಡಿಯ ಮೇಜಿನಲ್ಲಿ. 1903ರ ಸುಮಾರು. ವಾಲ್ಡ್ ಮತ್ತು ಕಾರ್ಮಿಕ ಹಕ್ಕುಗಳ ಹೋರಾಟಗಾರ್ತಿ ಫ್ಲಾರೆನ್ಸ್ ಕೆಲ್ಲಿ ಟಪಾಲು ನೋಡುತ್ತಿದ್ದರು. ಬೇಸಿಗೆಯಲ್ಲಿ ಇಷ್ಟೊಂದು ಕೂಸುಗಳು ಸಾಯುತ್ತಿವೆ, ಯಾರೂ ಏನೂ ಮಾಡುವುದಿಲ್ಲವೇ ಎಂದು ಒಂದು ಕಾಗದ. ಅದೇ ದಿನದ ಪತ್ರಿಕೆಯಲ್ಲಿ, ಹತ್ತಿಕಾಯಿ ಕೊರೆಯುವ ಸೊಂಡಿಲು ಹುಳುವಿನಿಂದಾದ ನಷ್ಟ ನೋಡಲು ಕೃಷಿ ಸಚಿವರು ದಕ್ಷಿಣಕ್ಕೆ ಹೊರಟ ಸುದ್ದಿ. ಹತ್ತಿಯ ಬೆಳೆ ಕಾಯಲು ಸರಕಾರಕ್ಕೆ ಇಲಾಖೆ ಇದೆ, ಮಕ್ಕಳನ್ನು ಕಾಯಲು ಏಕಿಲ್ಲ? ಪ್ರಶ್ನೆ ಅಧ್ಯಕ್ಷ ಥಿಯೋಡರ್ ರೂಸ್ವೆಲ್ಟ್ ಅವರನ್ನು ತಲುಪಿತು, ಬಂದು ವಿವರಿಸಿ ಎಂಬ ಉತ್ಸಾಹದ ಉತ್ತರವೂ ಬಂತು. ಆದರೆ ಕಾನೂನಾಗಲು ಒಂಬತ್ತು ವರ್ಷ ಬೇಕಾಯಿತು. 1912ರ ಏಪ್ರಿಲ್‌ನಲ್ಲಿ ಅಧ್ಯಕ್ಷ ಟ್ಯಾಫ್ಟ್ ಸಹಿ ಹಾಕಿದರು. ಮಕ್ಕಳ ಬ್ಯೂರೋದ ಮುಖ್ಯಸ್ಥೆಯಾಗಿ ಜೂಲಿಯಾ ಲ್ಯಾಥ್ರಾಪ್ ನೇಮಕವಾದರು. ಅಮೆರಿಕದ ಫೆಡರಲ್ ಬ್ಯೂರೋ ಒಂದಕ್ಕೆ ಮಹಿಳೆ ಮುಖ್ಯಸ್ಥೆಯಾದದ್ದು ಅದೇ ಮೊದಲು.

ಹಣದ ವಿಷಯದಲ್ಲಿ ವಾಲ್ಡ್ ಮುಜುಗರ ಪಟ್ಟುಕೊಂಡವರಲ್ಲ. ಪಾಲಿಸಿದಾರ ಬೇಗ ಸತ್ತರೆ ವಿಮಾ ಕಂಪನಿಗೆ ನಷ್ಟ. ಹಾಗಾದರೆ ಅವನ ಆರೈಕೆಗೆ ಕಂಪನಿಯೇ ಏಕೆ ದುಡ್ಡು ಕೊಡಬಾರದು? 1909ರಲ್ಲಿ ಮೆಟ್ರೊಪಾಲಿಟನ್ ಲೈಫ್ ಈ ತರ್ಕಕ್ಕೆ ಒಪ್ಪಿ ತನ್ನ ಪಾಲಿಸಿದಾರರ ಮನೆಗಳಿಗೆ ಹೆನ್ರಿ ಬೀದಿಯ ನರ್ಸುಗಳನ್ನು ಕಳಿಸತೊಡಗಿತು. ಆ ಯೋಜನೆ ದೇಶದ ನಗರ ನಗರಕ್ಕೂ ಹಬ್ಬಿ ನಾಲ್ಕು ದಶಕ ನಡೆಯಿತು.

ಬಣ್ಣದ ಗೆರೆಯ ಎದುರೂ ಅವರು ನಿಂತರು. ಕಪ್ಪು ನರ್ಸುಗಳಿಗೆ ಕೆಲಸ ಸಿಗದಿದ್ದ ಕಾಲದಲ್ಲಿ, 1906ರಲ್ಲಿ, ಎಲಿಜಬೆತ್ ಟೈಲರ್ ಅವರನ್ನು ನೇಮಿಸಿಕೊಂಡರು. ಟೈಲರ್ ಮ್ಯಾನ್‌ಹಟನ್ನಿನ ಸ್ಯಾನ್ ವಾನ್ ಹಿಲ್‌ನ ಕಪ್ಪು ಜನರ ಕೇರಿಯಲ್ಲಿ ಕೆಲಸ ಶುರು ಮಾಡಿ, ಅಲ್ಲೊಂದು ಶಾಖೆಯನ್ನೇ ಬೆಳೆಸಿದರು. 1909ರಲ್ಲಿ ರಾಷ್ಟ್ರೀಯ ನೀಗ್ರೋ ಸಮ್ಮೇಳನಕ್ಕೆ ಬಂದ ಕಪ್ಪು ಮತ್ತು ಬಿಳಿ ಪ್ರತಿನಿಧಿಗಳ ಸ್ವಾಗತ ಕೂಟ ನಡೆದದ್ದು ಹೆನ್ರಿ ಬೀದಿಯ ಮನೆಯಲ್ಲಿ. ಎನ್‌ಎಎಸಿಪಿ ಎಂಬ ನಾಗರಿಕ ಹಕ್ಕುಗಳ ಸಂಸ್ಥೆ ಹುಟ್ಟಿದ್ದು ಆ ಸಮ್ಮೇಳನದಿಂದಲೇ.

ಇಷ್ಟೆಲ್ಲ ಗೌರವದ ನಡುವೆ ಅವರು ಜನಪ್ರಿಯತೆ ಕಳೆದುಕೊಂಡ ಕಾಲವೂ ಇತ್ತು. ಮೊದಲ ಮಹಾಯುದ್ಧಕ್ಕೆ ಅಮೆರಿಕ ಇಳಿಯಬಾರದು ಎಂಬ ಒಕ್ಕೂಟದ ಅಧ್ಯಕ್ಷತೆ ವಹಿಸಿದ್ದಕ್ಕೆ ಕೆಲವು ದಾನಿಗಳು ದೂರವಾದರು. ಆದರೆ 1918ರ ಇನ್‌ಫ್ಲುಯೆಂಜಾ ನ್ಯೂಯಾರ್ಕಿಗೆ ಬಂದಾಗ ನಗರ ಕರೆದದ್ದು ಅವರನ್ನೇ. ತುರ್ತು ನರ್ಸಿಂಗ್ ಮಂಡಳಿಯ ಹೊಣೆ ಹೊತ್ತು, ಬೇರೆ ಬೇರೆ ಸಂಸ್ಥೆಗಳ ನರ್ಸುಗಳನ್ನು ಒಂದೇ ವ್ಯವಸ್ಥೆಗೆ ತಂದರು. ಸಾಲದಾದಾಗ ಸ್ವಯಂಸೇವಕರಿಗಾಗಿ ಕರಪತ್ರ ಹೊರಡಿಸಿದರು. ಹೆಂಗಸರು ಅವನ್ನು ಫಿಫ್ತ್ ಅವೆನ್ಯೂನ ದೊಡ್ಡ ಅಂಗಡಿಗಳ ಮುಂದೆ ನಿಂತು ಹಂಚಿದರು.

ಆರೋಗ್ಯ ಕೆಟ್ಟು 1933ರಲ್ಲಿ ಸೆಟಲ್‌ಮೆಂಟಿನ ಹೊಣೆಯನ್ನು ಹೆಲೆನ್ ಹಾಲ್‌ಗೆ ಬಿಟ್ಟುಕೊಟ್ಟರು. 1937ರಲ್ಲಿ ಎಪ್ಪತ್ತು ತುಂಬಿದಾಗ ರೇಡಿಯೋದಲ್ಲಿ ಸನ್ಮಾನ ಕಾರ್ಯಕ್ರಮ ನಡೆಯಿತು. ಅಧ್ಯಕ್ಷ ಫ್ರಾಂಕ್ಲಿನ್ ರೂಸ್ವೆಲ್ಟ್ ಬರೆದ ಅಭಿನಂದನೆಯ ಪತ್ರವನ್ನು ಅವರ ತಾಯಿಯೇ ಓದಿದರು. ಕನೆಕ್ಟಿಕಟ್‌ನ ವೆಸ್ಟ್‌ಪೋರ್ಟ್‌ನಲ್ಲಿ 1940ರ ಸೆಪ್ಟೆಂಬರ್ 1ರಂದು ವಾಲ್ಡ್ ತೀರಿಕೊಂಡರು. ನ್ಯೂಯಾರ್ಕಿನ ಮಹಾನ್ ಅಮೆರಿಕನ್ನರ ಸ್ಮಾರಕ ಸಭಾಂಗಣಕ್ಕೆ 1970ರಲ್ಲಿ ಅವರು ಆಯ್ಕೆಯಾದರು. ನರ್ಸಿಂಗ್ ಸೇವೆ 1944ರಲ್ಲಿ ಸೆಟಲ್‌ಮೆಂಟಿನಿಂದ ಬೇರೆಯಾಯಿತು. ಎರಡೂ ಸಂಸ್ಥೆಗಳು ಇಂದಿಗೂ ನ್ಯೂಯಾರ್ಕಿನಲ್ಲಿ ಕೆಲಸ ಮಾಡುತ್ತಿವೆ, ಹೆನ್ರಿ ಬೀದಿಯ 265ನೇ ನಂಬರಿನ ಮನೆಯೂ ಸೆಟಲ್‌ಮೆಂಟಿನ ಬಳಿಯೇ ಇದೆ.

ಅವರ ಜೊತೆ ದುಡಿದವರು ಎಲ್ಲೆಲ್ಲಿಗೆ ಹೋದರು ಎಂಬುದು ಪದಕಗಳಿಗಿಂತ ಹೆಚ್ಚು ಹೇಳುತ್ತದೆ. ಹೆನ್ರಿ ಬೀದಿಯ ನರ್ಸಿಂಗ್ ಸೇವೆಯನ್ನು ನಡೆಸಿದ ಆ್ಯನಿ ಗುಡ್‌ರಿಚ್ 1923ರಲ್ಲಿ ಯೇಲ್ ವಿಶ್ವವಿದ್ಯಾಲಯದ ನರ್ಸಿಂಗ್ ಶಾಲೆಯ ಮೊದಲ ಡೀನ್ ಆದರು. ಲೀನಾ ರಾಜರ್ಸ್ 1910ರಲ್ಲಿ ಟೊರಾಂಟೋಗೆ ಮರಳಿ, ಅಲ್ಲಿನ ಶಾಲೆಗಳಿಗೆ ನರ್ಸುಗಳ ವ್ಯವಸ್ಥೆ ಕಟ್ಟಿದರು. ನಾಲ್ಕು ಶಾಲೆಗಳ ಆ ಒಂದು ತಿಂಗಳಿಂದ ಮೊದಲುಗೊಂಡು ತಾವು ಕಲಿತದ್ದನ್ನೆಲ್ಲ 1917ರಲ್ಲಿ ‘ದಿ ಸ್ಕೂಲ್ ನರ್ಸ್’ ಎಂಬ ಪುಸ್ತಕವಾಗಿ ಬರೆದು, ಆ ಕೆಲಸಕ್ಕೆ ಬರುವ ಹೊಸ ಹುಡುಗಿಯರ ಕೈಗಿಟ್ಟರು.